ಅಮ್ಮನ ಅಡುಗೆ ಕಟ್ಟೆಗೆ ಯಾವ ಕಲ್ಲು?

ಹೊಳೆನರಸೀಪುರದ ನಮ್ಮ ಮನೆಯ ಅಡುಗೆಮನೆ ರಿಪೇರಿಗೆ ಕೈ ಹಾಕಿದಾಗ ಅತಿ ಹೆಚ್ಚು ಚರ್ಚೆ ಆಗಿದ್ದು ಕಪಾಟಿನ ಬಗ್ಗೆ ಅಲ್ಲ, ಚಿಮಣಿ ಬಗ್ಗೆಯೂ ಅಲ್ಲ, ಎರಡಡಿ ಅಗಲದ ಕಟ್ಟೆಯ ಬಗ್ಗೆ. ನನಗೆ ಬೇಕಿದ್ದದ್ದು ಬಿಳಿ. ಫೋನಿನಲ್ಲಿ ಸೇವ್ ಮಾಡಿಟ್ಟುಕೊಂಡ ಫೋಟೊಗಳೆಲ್ಲ ಬಿಳಿಯವೇ. ಆದರೆ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರೋಳು ನಾನು, ದಿನಾ ಅಲ್ಲಿ ನಿಂತು ಅಡುಗೆ ಮಾಡೋದು ಅಮ್ಮ.

ಹಾಸನದ ಅಂಗಡಿಯವರು ಮೊದಲು ತೋರಿಸಿದ್ದು ಸಾಲಿಡ್ ಸರ್ಫೇಸ್. ಇದು ಕಲ್ಲಲ್ಲ. ಅಕ್ರಿಲಿಕ್ ರಾಳಕ್ಕೆ ಅಲ್ಯೂಮಿನಿಯಂ ಖನಿಜದ ಪುಡಿ ಬೆರೆಸಿ ಮಾಡಿದ ಹಲಗೆ. 1960ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಕೋರಿಯನ್ ಅನ್ನೋ ಹೆಸರಲ್ಲಿ ಶುರು ಮಾಡಿದ್ದು. ಎಣ್ಣೆ ಒಳಗೆ ಇಳಿಯಲ್ಲ, ಸಂದು ಕಾಣದ ಹಾಗೆ ಜೋಡಿಸಬಹುದು, ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ನಾನು ಮರುಳಾಗಿದ್ದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮುದ್ದೆ ತಪ್ಪಲೆ ಒಲೆಯಿಂದ ಇಳಿಸಿ ಇದರ ಮೇಲೇ ಇಡಬಹುದಾ?"

"ಕೆಳಗೊಂದು ಮಣೆ ಇಟ್ಕೊಳಿ ಅಮ್ಮ."

"ಮಣೆ ಹುಡುಕೋವರೆಗೆ ತಪ್ಪಲೆ ಕೈಯಲ್ಲೇ ಹಿಡ್ಕೊಂಡಿರ್ಲಾ?"

ಅಲ್ಲಿಗೆ ಅದು ಮುಗೀತು. ಬಿಸಿ ಬಾಣಲೆ ಇಟ್ಟರೆ ಅಕ್ರಿಲಿಕ್‌ಗೆ ಕಲೆ ಬೀಳುತ್ತೆ, ಬಿರುಕೂ ಬಿಡಬಹುದು. ಬೆಲೆಯೂ ಗ್ರಾನೈಟಿಗಿಂತ ಎಷ್ಟೋ ಜಾಸ್ತಿ.

ಚನ್ನರಾಯಪಟ್ಟಣದ ಗೆಳತಿ ಮನೆಯಲ್ಲಿರೋದು ಕ್ವಾರ್ಟ್ಜ್. ಅರಿಶಿನ ಚೆಲ್ಲಿದರೂ ಒರೆಸಿದರೆ ಹೋಗುತ್ತೆ ಅಂತ ಅವಳಿಗೆ ಹೆಮ್ಮೆ. ಆದರೆ ಒಲೆ ಪಕ್ಕ ಬಾಣಲೆ ಇಟ್ಟ ಜಾಗದಲ್ಲಿ ಮಾಸಲು ಹಳದಿ ಉಂಗುರ ಉಳಿದಿದೆ. ಕ್ವಾರ್ಟ್ಜ್ ಹಲಗೆ ಅಂದರೆ ಸಾಮಾನ್ಯವಾಗಿ ಶೇಕಡ 90ರಷ್ಟು ಕಲ್ಲಿನ ಪುಡಿ, ಉಳಿದದ್ದು ರಾಳ. ಬಿಸಿಗೆ ಸೋಲೋದು ಆ ರಾಳವೇ.

ಅದಕ್ಕಿಂತ ನನ್ನನ್ನು ತಡೆದದ್ದು ಧೂಳು. ಈ ಹಲಗೆಯನ್ನು ಒಣದಾಗಿ ಕೊಯ್ದರೆ ಏಳೋದು ಸಿಲಿಕಾದ ನುಣುಪು ಧೂಳು. ಅದು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತೆ. ವಾಸಿ ಮಾಡೋ ಔಷಧಿ ಇಲ್ಲ. ಕಟ್ಟೆ ಕೊಯ್ಯುವ ಹುಡುಗರಿಗೆ ಈ ಕಾಯಿಲೆ ಬಂದು ಬಂದು, ಕೊನೆಗೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಹಲಗೆಗಳನ್ನು ನಿಷೇಧಿಸಿತು. ನಮ್ಮ ಕಡೆ ಕೊಯ್ಯುವವರು ಮುಖಕ್ಕೆ ಒಂದು ಟವೆಲ್ ಸುತ್ಕೊಂಡಿರ್ತಾರೆ, ಅಷ್ಟೇ. ಆ ಧೂಳನ್ನು ಟವೆಲ್ ತಡೆಯಲ್ಲ. ಫೋಟೊದಲ್ಲಿನ ಬಿಳಿ ಅಡುಗೆಮನೆಗಳಲ್ಲಿ ಈ ಹುಡುಗರು ಕಾಣಲ್ಲ ನೋಡಿ.

ಹಾಗಾದರೆ ಕಲ್ಲೇ. ಕಲ್ಲು ಅಂದರೂ ಎಲ್ಲ ಒಂದೇ ಅಲ್ಲ. ಅರಕಲಗೂಡಿನ ಅತ್ತೆ ಮನೆಯದು ಕಡಪ ಕಲ್ಲು. ಅದು ಸುಣ್ಣದ ಕಲ್ಲಿನ ಜಾತಿ, ನಿಂಬೆ-ಹುಣಸೆ ಹುಳಿ ತಾಗಿದಲ್ಲೆಲ್ಲ ಬೆಳ್ಳಗೆ ಮಚ್ಚೆ. ಅಮೃತಶಿಲೆಗೂ ಅದೇ ಗತಿ. ಗ್ರಾನೈಟಿಗೆ ಈ ಹುಳಿ ಏನೂ ಮಾಡಲ್ಲ, ಬಿಸಿಯೂ ತಾಕಲ್ಲ. ಆದರೆ ಸಣ್ಣ ರಂಧ್ರಗಳಿರುತ್ತವೆ, ತಿಳಿ ಬಣ್ಣದ್ದಾದರೆ ಎಣ್ಣೆ ಹೀರಿ ಕಪ್ಪಾಗುತ್ತೆ ಅಂತ ನಾನು ರಾಗ ತೆಗೆದೆ. ಅಮ್ಮ ತಕ್ಷಣ, "ಬೆಳಗೊಳದಲ್ಲಿ ಗೊಮ್ಮಟನಿಗೆ ಅಷ್ಟೊಂದು ಅರಿಶಿನ ಸುರೀತಾರೆ, ಅವನಿಗೇ ಕಲೆ ನಿಂತಿಲ್ಲ, ನಮ್ಮ ಕಟ್ಟೆಗೆ ನಿಲ್ಲುತ್ತಾ?" ಅಂದರು. ಗೊಮ್ಮಟನೂ ಗ್ರಾನೈಟೇ, ಸುಮಾರು 58 ಅಡಿ ಎತ್ತರ, ಸಾವಿರಕ್ಕೂ ಹೆಚ್ಚು ಮಳೆಗಾಲ ಕಂಡವನು. ವಾದ ಮಾಡೋಕೆ ನನ್ನ ಹತ್ರ ಏನಿತ್ತು? (ಅದೇ ಜಿಲ್ಲೆಯ ಬೇಲೂರು ದೇವಸ್ಥಾನ ಬಳಪದ ಕಲ್ಲಿನದು. ಹುಳಿಗೂ ಎಣ್ಣೆಗೂ ಅದು ಜಗ್ಗಲ್ಲ, ಅಮೆರಿಕದಲ್ಲಿ ಅಡುಗೆ ಕಟ್ಟೆಗೂ ಬಳಸ್ತಾರೆ. ಆದರೆ ಮೆತ್ತಗಿನ ಕಲ್ಲು, ಚಾಕು ತಾಗಿದರೆ ಗೀರು.)

ಕೊನೆಗೆ ಆರಿಸಿದ್ದು ಹಾಸನ್ ಗ್ರೀನ್ ಅಂತ ಮಾರೋ, ನಮ್ಮ ಜಿಲ್ಲೆಯದೇ ಕಡು ಹಸಿರು ಗ್ರಾನೈಟ್. ಕೊಳ್ಳುವ ಮೊದಲು ಕಲ್ಲಿನ ಮೇಲೆ ನೀರು ಚಿಮುಕಿಸಿ ಹತ್ತು ನಿಮಿಷ ಕಾದೆವು. ಒರೆಸಿದಾಗ ಒದ್ದೆ ಗುರುತು ಉಳಿದ ಕಲ್ಲು ಬೇಡ ಅಂದ್ವಿ. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿಯೂ ನೋಡಿ, ಬಣ್ಣ ಹಚ್ಚಿದ ಕಲ್ಲಾದರೆ ಹತ್ತಿಗೆ ಹತ್ತುತ್ತೆ.

ಗ್ರಾನೈಟಿನಲ್ಲೂ ಸಿಲಿಕಾ ಇದೆ, ಕ್ವಾರ್ಟ್ಜ್ ಹಲಗೆಗಿಂತ ಬಹಳ ಕಡಿಮೆ ಅಷ್ಟೇ. ಅದಕ್ಕೇ ಸಿಂಕು, ಒಲೆ ಎರಡನ್ನೂ ಮೊದಲೇ ಕೊಂಡು ಅಳತೆ ಕೊಟ್ಟು, ಅಂಗಡಿಯ ನೀರು ಹರಿಯುವ ಯಂತ್ರದಲ್ಲೇ ಎಲ್ಲ ಕೊಯ್ಸಿದೆ. ನೀರು ಬಿದ್ದರೆ ಧೂಳು ಕೆಸರಾಗುತ್ತೆ, ಗಾಳಿಗೆ ಏಳಲ್ಲ. "ಮನೇಲೇ ಕೊಯ್ದ್ರೆ ಅರ್ಧ ದಿನ ಉಳಿಯುತ್ತೆ ಮೇಡಂ" ಅಂತ ಮೇಸ್ತ್ರಿ ಗೊಣಗಿದ್ರು. ಅರ್ಧ ದಿನದ ಕೂಲಿ ಜಾಸ್ತಿ ಕೊಟ್ಟೆ. ಸುಮ್ಮನಾದರು.

ನನ್ನ ಬಿಳಿ ಆಸೆ ಪೂರ್ತಿ ಹೋಗಲಿಲ್ಲ. ಒಲೆಯಿಂದ ದೂರ, ಕಿಟಕಿ ಪಕ್ಕ, ಅಂಗಡಿಯಲ್ಲಿ ಉಳಿದಿದ್ದ ಸಾಲಿಡ್ ಸರ್ಫೇಸ್‌ನ ಮೂರಡಿ ತುಂಡು ಹಾಕಿಸಿದೆ, ಕಾಫಿ ಕುಡೀತಾ ಲ್ಯಾಪ್‌ಟಾಪ್ ಇಟ್ಕೊಳ್ಳೋಣ ಅಂತ. ಈಗ ಅಲ್ಲಿ ಅಮ್ಮ ಹುರುಳಿ ಹರಡಿಕೊಂಡು ಕಲ್ಲು ಆರಿಸ್ತಾರೆ. ಹಸಿರು ಕಲ್ಲಿನ ಮೇಲೆ ಏನೂ ಕಾಣಲ್ವಂತೆ.