ಅವ್ವನ ಬೆರಳು

ಲ್ಯಾಬಿನಲ್ಲಿ ಕಟ್ಟಿದ ಪಲ್ಸ್ ಆಕ್ಸಿಮೀಟರನ್ನು ದಸರಾ ರಜೆಗೆ ಊರಿಗೆ ಒಯ್ದಿದ್ದೆ. ನಾಲ್ಕು ವರ್ಷದಿಂದ ಬಯೋಮೆಡಿಕಲ್ ಎಂಜಿನಿಯರಿಂಗ್ ಪಿಎಚ್‌ಡಿ ಎಂದು ಏನು ಮಾಡುತ್ತಿದ್ದೇನೆಂದು ಅವ್ವನಿಗೆ ತೋರಿಸಬೇಕಿತ್ತು.

ಬೆರಳು ಕೊಟ್ಟಳು. 91 ಎಂದಿತು, ಮರುಕ್ಷಣ 98, ಆಮೇಲೆ ಬರೀ ಗೆರೆ. "ನಾ ಅದೀನೋ ಇಲ್ಲೋ ನಿನ್ನ ಮಷಿನ್‌ಗ ತಿಳೀವಲ್ದು ನೋಡವಾ" ಎಂದು ನಕ್ಕಳು.

ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೆರಳನ್ನು ಹಾಯ್ದು ಬರುತ್ತವೆ. ನಾಡಿಯೊಡನೆ ಏರಿಳಿಯುವ ಭಾಗವನ್ನಷ್ಟೇ ಹೆಕ್ಕಿಕೊಂಡರೆ ಚರ್ಮ, ಮೂಳೆ ಲೆಕ್ಕದಿಂದ ಬಿಟ್ಟುಹೋಗುತ್ತವೆ ಎಂಬುದು ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಮುಂದಿಟ್ಟ ಉಪಾಯ. ಸೊಗಸಾದ ಉಪಾಯವೇ. ಆದರೆ ಎರಡು ಬೆಳಕಿನ ಅನುಪಾತ ಎಷ್ಟಿದ್ದರೆ ಆಮ್ಲಜನಕ ಎಷ್ಟು ಎಂಬ ಕೋಷ್ಟಕವನ್ನು ಮನುಷ್ಯರ ಮೇಲೆ ಅಳೆದೇ ಮಾಡಬೇಕು. ಯಾವ ಮನುಷ್ಯರು? ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಆಕ್ಸಿಮೀಟರು ಸರಿಯಿದೆ ಎನ್ನುವ ತಪ್ಪು, ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಎಂದು 2020ರ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಅದನ್ನು ನನ್ನ ಮೊದಲ ಅಧ್ಯಾಯದಲ್ಲೇ ಉಲ್ಲೇಖಿಸಿದ್ದೇನೆ. ಉಲ್ಲೇಖಿಸಿ, ಹನ್ನೆರಡು ಜನ ಲ್ಯಾಬಿನ ಗೆಳೆಯರ ಮೆತ್ತನೆಯ ಬೆರಳುಗಳ ಮೇಲೆ ಪರೀಕ್ಷೆ ಮುಗಿಸಿದ್ದೆ!

ಅವ್ವನದು ಕಳೆ ಕಿತ್ತು ಕಿತ್ತು ಜಡ್ಡುಗಟ್ಟಿದ, ಬಿರುಕು ಬಿಟ್ಟ ಬೆರಳು. ತಪ್ಪು ಜಡ್ಡಿನದೋ, ತಣ್ಣಗಿದ್ದ ಕೈಯದೋ, ನನ್ನ ಆಂಪ್ಲಿಫೈಯರಿನದೋ?

"ಒಂದು ಬೆರಳು ಡೇಟಾ ಅಲ್ಲ" ಎಂದರು ಗೈಡ್. ಸರಿಯೇ. ಕೃಷಿ ಕೂಲಿಯವರನ್ನೂ ಸೇರಿಸಿಕೊಳ್ಳಲು ನೈತಿಕ ಸಮಿತಿಗೆ ಹೊಸ ಅರ್ಜಿ ಹಾಕಿದ್ದೇನೆ. ಪ್ರಬಂಧ ಒಂದು ವರ್ಷ ಮುಂದೆ ಹೋಗುತ್ತದೆ. ಫೆಲೋಶಿಪ್ ಜುಲೈಗೆ ಮುಗಿಯುತ್ತದೆ. ಅವ್ವನಿಗೆ ಇನ್ನೂ ಹೇಳಿಲ್ಲ.