ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೋಟಾರು ಗಾಡಿಯನ್ನು ಹೊಗಳುವವರೆಲ್ಲ ಅದರ ಓಟವನ್ನೇ ಹೊಗಳುತ್ತಾರೆ. ಅದು ನಿಲ್ಲುವ ಬಗೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಆದರೆ ಹಾಸನದ ಕಡೆಯಿಂದ ಆಲೂಗೆಡ್ಡೆ ಹೇರಿಕೊಂಡು ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗುವವರಿಗೆ ಓಟದ ಚಿಂತೆಯಿಲ್ಲ. ಓಡಿಸುವ ಕೆಲಸವನ್ನು ಇಳಿಜಾರೇ ವಹಿಸಿಕೊಳ್ಳುತ್ತದೆ. ಅವರ ಚಿಂತೆಯೆಲ್ಲ ನಿಲ್ಲುವುದರದು. ನನ್ನ ಸೋದರಮಾವ ಅಂಥವರಲ್ಲಿ ಒಬ್ಬರು. ರಜೆಯಲ್ಲಿ ಅವರ ಹಳೆಯ ಪಿಕಪ್ ಗಾಡಿಯ ಪಕ್ಕದ ಆಸನ ನನಗೆ ಮೀಸಲು. ತರ್ಕಶಾಸ್ತ್ರವನ್ನು ನಾನು ತರಗತಿಗಿಂತ ಹೆಚ್ಚಾಗಿ ಅಲ್ಲಿಯೇ ಕಲಿತೆನೆಂದರೆ ಅಧ್ಯಾಪಕರು ಮುನಿಯಬಾರದು.

ಆ ಗಾಡಿಯ ಹಿಂಚಕ್ರಗಳಿಗಿರುವುದು ಡ್ರಮ್ ಬ್ರೇಕು. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದ ಏರ್ಪಾಡಿನ ಸಂತತಿ ಅದು. ಚಕ್ರದೊಡನೆ ತಿರುಗುವ ಒಂದು ಕಬ್ಬಿಣದ ಡಬ್ಬಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು. ಪೆಡಲು ತುಳಿದರೆ ದ್ರವದ ಒತ್ತಡ ಷೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅವನ್ನು ಒಳಕ್ಕೆಳೆಯುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲು ಅಗಲಿಸುವುದೂ ಇದೇ ಷೂಗಳನ್ನು. ಇಷ್ಟೆಲ್ಲ ನಡೆಯುವುದು ಮುಚ್ಚಿದ ಡಬ್ಬಿಯಲ್ಲಾದ್ದರಿಂದ, ನಾಡಿ ಹಿಡಿಯುವ ವೈದ್ಯನಂತೆ ಹೊರಗಿನ ಲಕ್ಷಣಗಳಿಂದಲೇ ಒಳಗಿನ ರೋಗವನ್ನು ಊಹಿಸಬೇಕು.

ಮಾವನಿಗೆ ಆ ಲಕ್ಷಣಗಳು ಬಾಯಿಪಾಠ. ಪೆಡಲು ಆಳಕ್ಕೆ ಹೋಗಿ, ಎರಡು ಮೂರು ಸಲ ತುಳಿದಾಗ ಮೇಲೇರಿದರೆ ಷೂಗಳಿಗೂ ಡ್ರಮ್ಮಿಗೂ ಅಂತರ ಹೆಚ್ಚಿರುವ ಸಂಭವ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಹೊರಗೆಲ್ಲೂ ಸೋರದಿದ್ದರೂ ಒತ್ತಿಹಿಡಿದ ಪೆಡಲು ಮೆಲ್ಲಗೆ ಕುಸಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರನ್ನು ಸಂಶಯಿಸಬೇಕು. ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ಮೂಸಬೇಕು: ಮಂದವಾಗಿದ್ದು ಗಂಧಕದ ನಾತ ಬಂದರೆ ಆಕ್ಸಲಿನ ಎಣ್ಣೆ, ತೆಳ್ಳಗಿದ್ದರೆ ಬ್ರೇಕಿನ ದ್ರವ. ಕಣ್ಣಿಗೆ ಎರಡೂ ಒದ್ದೆಯೇ. ಆದರೆ ಒಂದಕ್ಕೆ ಆಕ್ಸಲಿನ ಸೀಲು ಮದ್ದು, ಇನ್ನೊಂದಕ್ಕೆ ವೀಲ್ ಸಿಲಿಂಡರು.

ಒಂದು ಮಳೆಗಾಲದಲ್ಲಿ ಎಡ ಹಿಂಚಕ್ರ ಕಾಯತೊಡಗಿತು. ಗ್ಯಾರೇಜಿನವರು ಡ್ರಮ್ಮು ಬಿಚ್ಚಿ, ಸವೆದ ಲೈನಿಂಗನ್ನು ಕಂಡು ಹೊಸದು ಹಾಕಿದರು. ಸ್ವಲ್ಪ ದಿನದಲ್ಲಿ ಅದೂ ಸವೆಯಿತು. ಮತ್ತೆ ಹೊಸದು ಹಾಕಿದರು. ಮೂರನೆಯ ಸಲ ಸುಟ್ಟ ವಾಸನೆ ಬಂದದ್ದು ತುಂಬಿದ ಗಾಡಿಯಲ್ಲಿ ಸಕಲೇಶಪುರದ ಬಳಿ, ಘಾಟಿಯಿನ್ನೂ ಮುಂದಿತ್ತು. ಗಾಡಿಯಲ್ಲಿ ನಾವಿಬ್ಬರಲ್ಲದೆ ಮೂಟೆ ಇಳಿಸುವ ಆಳೊಬ್ಬನಿದ್ದ. ಬೆಳಗಿನ ಮಾರುಕಟ್ಟೆ ತಪ್ಪಿದರೆ ಬೆಲೆ ಇಳಿಯುತ್ತದೆ. ಆದರೂ ಮಾವ ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿಬಿಟ್ಟರು. ಕಾರಣವಿಲ್ಲದೆ ಅಲ್ಲ. ಕಾದ ಡ್ರಮ್ಮು ಹಿಗ್ಗಿ ಷೂವಿನಿಂದ ದೂರ ಸರಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಾಳಬೇಕೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲಿನ ಕೆಳಗೆ ಉಳಿಯುವುದು ಆ ಆವಿ ಮಾತ್ರ.

ಆಮೇಲೆ ಮಾವನ ವಿಚಾರಣೆ ಆರಂಭವಾಯಿತು. ಅಂಗೈಯನ್ನು ಚಕ್ರಗಳ ಹತ್ತಿರ ಹಿಡಿದು ನೋಡಿದರು. ಎಡಗಡೆಯದು ಸುಡುತ್ತಿತ್ತು, ಬಲಗಡೆಯದು ತಣ್ಣಗಿತ್ತು. ಆ ಗಾಡಿಯಲ್ಲಿ ಹಿಂದಿನ ರಬ್ಬರ್ ಕೊಳವೆ ಎರಡು ಚಕ್ರಗಳಿಗೂ ಒಂದೇ. ಅದು ಕಟ್ಟಿಕೊಂಡಿದ್ದರೆ ಎರಡೂ ಕಾಯಬೇಕಿತ್ತು. ಕೊಳವೆ ನಿರ್ದೋಷಿ. ಚಕ್ರ ಆರುವವರೆಗೆ ಕಾದು, ಮೂಟೆಗಳನ್ನಿಳಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಸಡಿಲಿಸಿ, ಜಾಕು ಏರಿಸಿದರು. ಚಕ್ರ ತಿರುಗಲಿಲ್ಲ. ಗಾಳಿ ತೆಗೆಯುವ ನಿಪ್ಪಲ್ಲನ್ನು ತುಸು ಬಿಚ್ಚಿದರು. ಒತ್ತಡ ಸಿಕ್ಕಿಕೊಂಡಿದ್ದರೆ ಈಗ ಬಿಡುಗಡೆಯಾಗಬೇಕು. ಆಗಲಿಲ್ಲ, ದ್ರವವೂ ನಿರ್ದೋಷಿ. ಕೊನೆಗೆ ಎಡಚಕ್ರದ ಹ್ಯಾಂಡ್ ಬ್ರೇಕ್ ಕೇಬಲ್ಲನ್ನು ಕಳಚಿ ಅದರ ಸನ್ನೆಯನ್ನು ಹಿಂದಕ್ಕೆ ತಳ್ಳಿದರು. ಚಕ್ರ ಸಲೀಸಾಗಿ ತಿರುಗಿತು! ಕವಚ ಹರಿದು, ಮಳೆನೀರು ನುಗ್ಗಿ, ಒಳತಂತಿ ತುಕ್ಕು ಹಿಡಿದಿತ್ತು. ಎಳೆದಾಗ ಬರುತ್ತಿತ್ತು, ಬಿಟ್ಟಾಗ ಹಿಂದಿರುಗುತ್ತಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಲೈನಿಂಗು ಸವೆದದ್ದು ನಿಜ. ಆದರೆ ಅದು ಅಪರಾಧಿಯಲ್ಲ, ಪೆಟ್ಟು ತಿಂದದ್ದು. ಕಣ್ಣಿಗೆ ಬಿದ್ದ ಗಾಯವನ್ನೇ ಕಾರಣವೆಂದು ಭಾವಿಸುವುದು ಗ್ಯಾರೇಜಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ ನಮ್ಮ ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಬಿಚ್ಚುವ ಮೊದಲು ಕೇಳಬೇಕು, ಬದಲಿಸುವ ಮೊದಲು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು ಎಂಬುದೇ ಮಾವನ ತರ್ಕಶಾಸ್ತ್ರ.

ಹೊಸ ಕೇಬಲ್ಲು ಬರುವಾಗ ಮಧ್ಯಾಹ್ನವಾಗಿತ್ತು. ಡ್ರಮ್ಮು ಬಿಚ್ಚಿದಾಗ ಅಂಗಡಿಯ ಹುಡುಗ ಗಾಳಿ ಊದಿ ಧೂಳು ತೆಗೆಯಹೊರಟ. ಮಾವ ತಡೆದು, ಒದ್ದೆ ಬಟ್ಟೆಯಿಂದ ಒರೆಸಿದರು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆ ದಿನದ ಗೆಡ್ಡೆಗೆ ಒಳ್ಳೆಯ ಬೆಲೆ ಸಿಗಲಿಲ್ಲ. "ಗೆಡ್ಡೆ ಮುಂದಿನ ವರ್ಷವೂ ಬೆಳೆಯುತ್ತದೆ" ಎಂದಷ್ಟೇ ಹೇಳಿ, ಮಾವ ಎರಡನೆಯ ಗೇರಿನಲ್ಲಿ ಘಾಟಿ ಇಳಿಯತೊಡಗಿದರು.