ಸಕ್ಕರೆಯ ಕನಕಾಂಬರ

ಹರಿಹರದಲ್ಲಿ ನನ್ನ ಬಳಿ ಓದಿದವರಿಗೆ ಪ್ರಯೋಗಶಾಲೆಯಲ್ಲಿದ್ದ ನ್ಯೂಟನ್ನನ ವರ್ಣಚಕ್ರ ನೆನಪಿರಬಹುದು. ಏಳು ಬಣ್ಣ ಬಳಿದ ರಟ್ಟಿನ ತಟ್ಟೆ; ವೇಗವಾಗಿ ತಿರುಗಿಸಿದರೆ ಬೆಳ್ಳಗೆ ಕಾಣಬೇಕು. ನಮ್ಮದು ಎಂದೂ ಬೆಳ್ಳಗೆ ಕಾಣಲಿಲ್ಲ, ಬೂದುಬಣ್ಣಕ್ಕೇ ನಿಲ್ಲುತ್ತಿತ್ತು. "ಬಿಳಿ ಎಂದು ಬರೆದುಕೊಳ್ಳಿ" ಎಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗಿ ಮಾತ್ರ 'ಬೂದುಬಣ್ಣ' ಎಂದು ಬರೆದು, ಹಾಳೆಯ ಅಂಚಿನಲ್ಲಿ ಬಣ್ಣದ ಪೆನ್ಸಿಲಿನಿಂದ ಹೂಬಳ್ಳಿ ಬಿಡಿಸಿದ್ದಳು. ಆ ಹಾಳೆಯನ್ನು ಹರಿದು ಅವಳ ಕೈಗಿತ್ತೆ. ರೆಕಾರ್ಡ್ ಪುಸ್ತಕವೆಂದರೆ ಹೂದೋಟವಲ್ಲ ಎಂದೂ ಅಂದೆ. ತರಗತಿ ನಕ್ಕಿತು.

ಆ ಹುಡುಗಿ ಈಗ ದಾವಣಗೆರೆಯಲ್ಲಿ ಮನೆಯಲ್ಲಿಯೇ ಕೇಕ್ ತಯಾರಿಸಿ ಕೊಡುತ್ತಾಳೆ. 2025ರ ಮೇ ತಿಂಗಳಲ್ಲಿ ಒಂದು ಸಂಜೆ ಫೋನ್ ಮಾಡಿ, "ಸರ್, ಬಣ್ಣದ ವಿಷಯ ಕೇಳಬೇಕಾಗಿತ್ತು" ಎಂದಳು.

ವಧು ಹರಿಹರದ ಕ್ರೈಸ್ತರ ಮನೆಯವಳು, ವರ ದಾವಣಗೆರೆಯ ಹಿಂದೂ ಮನೆತನದವನು. ಎರಡೂ ಕಡೆಯವರನ್ನು ಒಪ್ಪಿಸುವುದಕ್ಕೆ ಮಕ್ಕಳಿಗೆ ಮೂರು ವರ್ಷ ಹಿಡಿದಿತ್ತು. ಆರೋಗ್ಯ ಮಾತೆಯ ಚರ್ಚಿನಲ್ಲಿ ಮದುವೆ, ಸಂಜೆ ಆರತಕ್ಷತೆ, ಅಲ್ಲಿ 12, 9, 6 ಅಂಗುಲಗಳ ಮೂರು ಅಂತಸ್ತಿನ ಕೇಕು. ಕೇಕೂ ಬಿಳಿ, ಹೂವೂ ಬಿಳಿ ಇರಲಿ ಎಂದು ವಧುವಿನ ತಾಯಿಯ ಆಸೆ. ಅವರ ಮದುವೆಯಲ್ಲಿಯೂ ಹಾಗೆಯೇ ಇತ್ತಂತೆ. ವರನ ಅಜ್ಜಿ ಮಾತ್ರ, "ಮದುವೆ ಮನ್ಯಾಗೆ ಬರೇ ಬಿಳೇದು ಏನ್ ಚಂದ?" ಎಂದು ಮುಖ ತಿರುಗಿಸಿದರು. ಬಿಳಿಯೇ ಆದರೆ ತಾನು ಆರತಕ್ಷತೆಗೆ ಬರುವುದಿಲ್ಲ ಎಂಬಲ್ಲಿಗೆ ಮಾತು ಮುಟ್ಟಿತ್ತು. ಇದರ ನಡುವೆ ವರನ ತಂಗಿ ನೇರಳೆ ಮತ್ತು ಗಿಳಿಹಸಿರು ಬಣ್ಣದ ಕೇಕಿನ ಚಿತ್ರವೊಂದನ್ನು ಕಳುಹಿಸಿದ್ದಳು! ಕೇಕು ನೆಪ ಮಾತ್ರವೆಂದು ನಿಮಗೂ ತಿಳಿದೀತು.

ಮರುದಿನ ಬಸ್ಸು ಹತ್ತಿ ಹೋದೆ. ಅವಳ ಅಡುಗೆಮನೆಯಲ್ಲಿ ಮೇಷ್ಟ್ರಾದದ್ದು ಅವಳು, ವಿದ್ಯಾರ್ಥಿಯಾದದ್ದು ನಾನು. ಹಸುವಿನ ಬೆಣ್ಣೆಯ ಕ್ರೀಮು ಎಷ್ಟು ಕಡೆದರೂ ತುಸು ಹಳದಿಯೇ. ಎಮ್ಮೆಯ ಬೆಣ್ಣೆಯಲ್ಲಿ ಆ ತೊಡಕಿಲ್ಲ. ಹಲ್ಲುಕಡ್ಡಿಯ ತುದಿಯಷ್ಟು ನೇರಳೆ ಬಣ್ಣವನ್ನು ಅವಳು ಆ ಕ್ರೀಮಿಗೆ ಸೇರಿಸಿದಳು. ಹಳದಿ ಅಡಗಿ ಬಿಳುಪಾಯಿತು. ಹಳದಿಗೆ ಎದುರು ಬಣ್ಣ ನೇರಳೆ, ಒಂದನ್ನೊಂದು ಅಳಿಸುತ್ತವೆ, ನಮ್ಮ ತಾಯಂದಿರು ಪಂಚೆಗೆ ನೀಲಿ ಹಾಕುತ್ತಿದ್ದುದೂ ಹೀಗೆಯೇ ಎಂದು ನಾನು ವಿವರಿಸಿದೆ. "ಹಾಕೋದು ಗೊತ್ತಿತ್ತು ಸರ್, ಕಾರಣ ಗೊತ್ತಿರಲಿಲ್ಲ" ಎಂದಳು.

ಸಕ್ಕರೆಯ ಹೂವಿಗೆ ಗಮ್ ಪೇಸ್ಟ್ ಎಂಬ ಹಿಟ್ಟು ಬೇಕು. ಅದನ್ನು ಆಚೆಬದಿ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಎಸಳು ಕತ್ತರಿಸಿ, ಅಂಚನ್ನು ಒತ್ತಿ ಅಲೆ ಮೂಡಿಸಿ ಒಣಗಿಸುತ್ತಾರೆ. ನೀರಾದ ಬಣ್ಣ ಬೆರೆಸಿದರೆ ಹಿಟ್ಟು ಅಂಟಾಗುತ್ತದೆ, ಆದ್ದರಿಂದ ಗಟ್ಟಿಯಾದ ಜೆಲ್ ಬಣ್ಣ. ಕ್ರೀಮಿಗೆ ಬೆರೆಸಿದ ಬಣ್ಣ ರಾತ್ರಿ ಕಳೆಯುವುದರೊಳಗೆ ಗಾಢವಾಗುತ್ತದೆ. ಬೇಕಾದುದಕ್ಕಿಂತ ತಿಳಿಯಾಗಿಯೇ ಬೆರೆಸಿಡಬೇಕು. ನೇರಳೆಯ ಹೂವು ಬೆಳಕಿನಲ್ಲಿಟ್ಟರೆ ಅದರೊಳಗಿನ ಗುಲಾಬಿ ಮಾಸಿ ನೀಲಿ ಮಾತ್ರ ಉಳಿಯುತ್ತದಂತೆ. ತಂಗಿಯ ಚಿತ್ರ ಅಲ್ಲಿಗೇ ಬದಿಗೆ ಸರಿಯಿತು.

ಗಾಢ ಬಣ್ಣಗಳಿಗೆ ಅವಳು ಒಪ್ಪದಿರಲು ಬೇರೊಂದು ಕಾರಣವೂ ಇತ್ತು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು. ರೋಡಮೈನ್ ಬಟ್ಟೆಗೆ ಹಾಕುವ ಬಣ್ಣ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಬಟ್ಟೆಯ ಬಣ್ಣ ಯಾವುದು, ಬಾಯಿಯ ಬಣ್ಣ ಯಾವುದು ಎಂದು ಹೇಳಿಕೊಡಬೇಕೆ!

ಇಷ್ಟೆಲ್ಲ ಆದರೂ ಉತ್ತರ ಹೊಳೆಯಲಿಲ್ಲ. ಹರಿಹರಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಮುಡಿದ ದಂಡೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ (ಈ ವಯಸ್ಸಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ). ಮಲ್ಲಿಗೆ, ಮಲ್ಲಿಗೆ, ಮಲ್ಲಿಗೆ, ನಡುವೆ ಒಂದಿಷ್ಟು ಕನಕಾಂಬರ, ಮತ್ತೆ ಮಲ್ಲಿಗೆ, ಅಲ್ಲೊಂದು ಇಲ್ಲೊಂದು ಮರುಗದ ಎಸಳು. ಮುಕ್ಕಾಲು ಪಾಲು ಬಿಳಿಯೇ. ಅದನ್ನು ಬರೇ ಬಿಳಿಯೆಂದು ಯಾವ ಅಜ್ಜಿಯೂ ಅನ್ನುವುದಿಲ್ಲ. ಕನಕಾಂಬರದ್ದು ಕೂಗುವ ಕೇಸರಿಯಲ್ಲ, ಮಾಗಿದ ತಿಳಿಗೇಸರಿ. ಮರುಗದ್ದು ಬೂದು ಬೆರೆತ ಹಸಿರು. ಹಸಿರೇ ಎಲ್ಲಕ್ಕಿಂತ ಕಡಿಮೆ, ಆದರೆ ಅದಿಲ್ಲದಿದ್ದರೆ ಉಳಿದೆರಡೂ ಕಲಸಿಹೋಗುತ್ತವೆ. ಹೂ ಕಟ್ಟುವವರು ಇದನ್ನು ಯಾವ ಬಿ.ಎಡ್. ಕಾಲೇಜಿನಲ್ಲಿ ಕಲಿತರೋ.

ಬಸ್ಸಿಳಿದೊಡನೆ ಫೋನ್ ಮಾಡಿ ಹೇಳಿದೆ. ಕೇಕಿನ ಮೈ ಬಿಳಿಯೇ ಇರಲಿ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಒಂದು ದಂಡೆ ಇಳಿಯಲಿ ಎಂದೆ. ವಧುವಿನ ತಾಯಿ ಒಪ್ಪಿದರು. ಅಜ್ಜಿಯನ್ನು ಒಪ್ಪಿಸಿದ್ದು ಮಾತ್ರ ನನ್ನ ವರ್ಣವಿಜ್ಞಾನವಲ್ಲ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಮರದ ಅಚ್ಚುಗಳಲ್ಲಿ ಪಾಕ ಹೊಯ್ದು ಬಿಳಿ, ಗುಲಾಬಿ, ಹಳದಿಯ ಸಕ್ಕರೆ ಆರತಿ ಮಾಡುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಅದು ಹೋಗುತ್ತದೆ. ನನ್ನ ಶಿಷ್ಯೆ ಆ ಅಜ್ಜಿಯ ಮನೆಗೇ ಹೋಗಿ, ಒಣಗಿದ ಒಂದು ಕನಕಾಂಬರವನ್ನು ಅವರ ಅಂಗೈಯಲ್ಲಿಟ್ಟು, "ಇದೂ ಸಕ್ಕರೇನೇ ಅಜ್ಜಿ, ನಮ್ಮ ಆರತಿ ಇದ್ದ ಹಾಗೆ" ಎಂದಳಂತೆ. ಅಜ್ಜಿ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಎಸಳು ಒಂದೇ ಕಡೆ ಇರ್ಬೇಕು, ಇದು ಸುತ್ತಲೂ ಐತಲ್ಲ" ಎಂದು ತಿದ್ದಿದರಂತೆ. ನಿಜವೇ. ಕನಕಾಂಬರದ ಎಸಳು ಬೀಸಣಿಗೆಯಂತೆ ಒಂದೇ ಬದಿಗೆ ಹರಡುತ್ತದೆ. ಅವಳು ಎಲ್ಲ ಹೂಗಳನ್ನೂ ಮತ್ತೆ ಮಾಡಿದಳು.

ಮದುವೆಯ ದಿನ ಮಳೆ. ತೇವಕ್ಕೆ ನಾಲ್ಕಾರು ಹೂಗಳು ಮೆತ್ತಗಾಗಿ ತಲೆ ಬಾಗಿಸಿದವು. ಮೊದಲೇ ಮಾಡಿಟ್ಟಿದ್ದ ಹೆಚ್ಚಿನ ಹೂಗಳಿಂದ ಆ ಜಾಗ ತುಂಬಿದಳು. ಅಜ್ಜಿ ತಡವಾಗಿ ಬಂದರು, ಮುಂದಿನ ಸಾಲಿನಲ್ಲಿಯೇ ಕುಳಿತರು. ಮೊಟ್ಟೆಯಿಲ್ಲದ ಕೇಕೆಂದು ಹೇಳಿದರೂ ಬಾಯಿಗಿಡಲಿಲ್ಲ. ಒಂದು ಹೂವನ್ನು ಮಾತ್ರ ಕೇಳಿ ಪಡೆದು, ತಂತಿ ತೆಗೆಸಿ, ಕರ್ಚೀಫಿನಲ್ಲಿ ಸುತ್ತಿಕೊಂಡರು.

ಜನ ಕರಗಿದ ಮೇಲೆ, ಪೆಟ್ಟಿಗೆ ಕಟ್ಟುತ್ತಿದ್ದ ಶಿಷ್ಯೆಯ ಬಳಿ ಹೋಗಿ, ಅಂದು ನಾನು ಹರಿದ ಆ ಹಾಳೆಯ ಮಾತೆತ್ತಿದೆ. ಚಕ್ರ ಬೂದುಬಣ್ಣವೇ ಆಗಿತ್ತು, ನೀನು ಬರೆದದ್ದೇ ಸರಿ ಎಂದೆ.

"ಯಾವ ಹಾಳೆ ಸರ್?" ಎಂದಳು.

ನಿಜವಾಗಿ ಮರೆತಿದ್ದಳೋ, ನನ್ನ ಮುಖ ನೋಡಿ ಮರೆತಳೋ ತಿಳಿಯಲಿಲ್ಲ. ಉಳಿದ ಹೂಗಳನ್ನು ನನ್ನ ಮೊಮ್ಮಗಳಿಗೆಂದು ಡಬ್ಬಿಯಲ್ಲಿ ಹಾಕಿ ಕೊಟ್ಟಳು. "ಫ್ರಿಜ್‌ನಲ್ಲಿ ಇಡಬೇಡಿ ಸರ್, ಬೆವರುತ್ತವೆ" ಎಂದು ಎಚ್ಚರಿಸುವುದನ್ನು ಮರೆಯಲಿಲ್ಲ.